ಶೋಗಿ ಆಟದಲ್ಲಿ ಗಣಕಯಂತ್ರದ ತೀರ್ಮಾನಶಕ್ತಿ

ಜಪಾನಿನ ಚದುರಂಗವಾದ ಶೋಗಿಯು ನಮ್ಮ ಚದುರಂಗದ ದೂರದ ಬಂಧುವೆಂದು ವಿದ್ವಾಂಸರ ಅಭಿಪ್ರಾಯ. ಅದರ ಮಣೆಯಲ್ಲಿ 81 ಮನೆಗಳು, ಒಬ್ಬೊಬ್ಬ ಆಟಗಾರನಿಗೆ 20 ಕಾಯಿಗಳು. ಆದರೆ ಒಂದು ನಿಯಮದಿಂದ ಆಟದ ಸ್ವರೂಪವೇ ಬೇರೆಯಾಗಿದೆ. ಹೊಡೆದ ಕಾಯಿ ಅಲ್ಲಿಗೆ ಸಾಯುವುದಿಲ್ಲ. ಹೊಡೆದವನ ಕೈಸೇರಿ, ಮುಂದೆ ಅವನ ಪಕ್ಷದಲ್ಲಿಯೇ ಬರಿದಾದ ಮನೆಯೊಂದರಲ್ಲಿ ಇಳಿಯುತ್ತದೆ. ಪಾಶ್ಚಾತ್ಯ ಚದುರಂಗದಲ್ಲಿ ಸರದಿಗೆ ಸರಾಸರಿ 35 ನಡೆಗಳು ಸಾಧ್ಯವಾದರೆ ಇಲ್ಲಿ ಸುಮಾರು 80. 1997ರಲ್ಲಿ ಡೀಪ್ ಬ್ಲೂ ಯಂತ್ರವು ಕಾಸ್ಪರೋವರನ್ನು ಸೋಲಿಸಿದಾಗಲೂ ಶೋಗಿಯಲ್ಲಿ ಯಂತ್ರಗಳು ವೃತ್ತಿಪರರಿಗೆ ಸಾಟಿಯಾಗಿರಲಿಲ್ಲ.

ಈ ಕೊರತೆ ಲೆಕ್ಕದ ವೇಗವೊಂದರಿಂದಲೇ ನೀಗಲಿಲ್ಲವೆಂಬುದು ಗಮನಾರ್ಹ. ಯಂತ್ರವು ಕೆಲವು ನಡೆ ಮುಂದೆ ನೋಡಿ ಎಲ್ಲಿಯೋ ನಿಲ್ಲಲೇಬೇಕು. ನಿಂತಲ್ಲಿ, ಈ ಸ್ಥಿತಿ ಯಾರಿಗೆ ಅನುಕೂಲವೆಂದು ಬೆಲೆಕಟ್ಟಬೇಕು. ಮೊದಲು ಆ ಬೆಲೆಗಳನ್ನು ಕ್ರಮವಿಧಿ ಬರೆದವರೇ ಊಹೆಯಿಂದ ಗೊತ್ತುಮಾಡುತ್ತಿದ್ದರು. ರಸಾಯನಶಾಸ್ತ್ರಜ್ಞರಾದ ಹೋಕಿ ಕುನಿಹಿತೋ ಅವರು ಇದನ್ನು ಬಿಟ್ಟು, ವೃತ್ತಿಪರರು ಆಡಿದ ಆಟಗಳ ಸಂಗ್ರಹದಿಂದ ಯಂತ್ರವೇ ಬೆಲೆಗಳನ್ನು ಕಲಿಯುವಂತೆ ಮಾಡಿದರು. ಅವರ ‘ಬೊನಾಂಜಾ’ 2006ರ ವಿಶ್ವ ಗಣಕ ಶೋಗಿ ಸ್ಪರ್ಧೆಯನ್ನು ಗೆದ್ದಿತು. ಅನಂತರದ ದಾರಿ ಇಳಿಜಾರು. 2013ರಲ್ಲಿ ‘ಪೊನಾಂಜಾ’ ವೃತ್ತಿಯಲ್ಲಿದ್ದ ಆಟಗಾರರೊಬ್ಬರನ್ನು ಸೋಲಿಸಿತು. 2017ರಲ್ಲಿ ಮೇಜಿನ್ ಪದವಿಯಲ್ಲಿದ್ದ ಸಾತೋ ಅಮಹಿಕೊ ಅವರನ್ನು ಎರಡು ಆಟಗಳಲ್ಲಿಯೂ ಮಣಿಸಿತು.

ಆದರೆ ಮಾದರಿಗಳಿಂದ ಕಲಿತ ಶಿಷ್ಯನಿಗೆ ಮಾದರಿಗಳ ಕುರುಡೂ ಅಂಟಿಕೊಳ್ಳುತ್ತದೆ. ರಾಜನು ಎದುರಾಳಿಯ ಪಾಳೆಯದೊಳಕ್ಕೇ ನುಗ್ಗಿ ಸುರಕ್ಷಿತನಾಗುವ ಸ್ಥಿತಿ ವೃತ್ತಿಪರರ ಆಟಗಳಲ್ಲಿ ವಿರಳ. ಆದಕಾರಣ ಯಂತ್ರಗಳು ಅಲ್ಲಿ ತಡವರಿಸುತ್ತಿದ್ದವು. 2013ರಲ್ಲಿ ಸೋಲಿನ ಅಂಚಿನಲ್ಲಿದ್ದ ತ್ಸುಕದಾ ಯಸುವಾಕಿ ಅವರು ಈ ಉಪಾಯದಿಂದಲೇ ಆಟವನ್ನು ಸಮಮಾಡಿಕೊಂಡರು. 2015ರ ಘಟನೆ ಇನ್ನೂ ಸ್ವಾರಸ್ಯವಾದುದು. ಅಕುತ್ಸು ಚಿಕಾರಾ ಅವರು ಬೇಕೆಂದೇ ತಮ್ಮ ಪಾಳೆಯದಲ್ಲಿ ತೆರಪು ಬಿಟ್ಟರು; ‘ಅವೇಕ್’ ಯಂತ್ರವು ಅಲ್ಲಿ ಒಂಟೆಯನ್ನು ಇಳಿಸಿತು. ಆ ಒಂಟೆ ಮುಂದೆ ಸಿಕ್ಕಿಬೀಳುವುದು ಖಚಿತವಾಗಿದ್ದರೂ ಆ ಹಾನಿ ಯಂತ್ರದ ನೋಟದ ಎಲ್ಲೆಯಾಚೆಗಿತ್ತು. ಅದರ ಕರ್ತೃವು 21ನೆಯ ನಡೆಗೇ ಸೋಲೊಪ್ಪಿದರು. ಇದು ಆಟದ ಘನತೆಗೆ ತಕ್ಕುದಲ್ಲವೆಂಬ ಆಕ್ಷೇಪವೂ ಬಂದಿತು. ಯಂತ್ರದ ಪರೀಕ್ಷೆಯೆಂದು ನೋಡಿದರೆ ಇದಕ್ಕಿಂತ ಬೋಧಪ್ರದವಾದುದು ವಿರಳವೆಂದು ನಮಗೆ ತೋರುತ್ತದೆ.

ಮಾನವರ ಆಟಗಳನ್ನೇ ನೋಡದೆ, ತನ್ನೊಡನೆ ತಾನೇ ಆಡಿ ಕಲಿತ ‘ಆಲ್ಫಾಝೀರೊ’ 2017ರಲ್ಲಿ ಅಂದಿನ ಪ್ರಬಲ ಯಂತ್ರವಾದ ‘ಎಲ್ಮೊ’ವನ್ನು ನೂರು ಆಟಗಳಲ್ಲಿ 90 ಬಾರಿ ಸೋಲಿಸಿತು. ಮರುವರ್ಷ ನಾಸು ಯು ಅವರು ಸಾಧಾರಣ ಗಣಕದಲ್ಲಿಯೇ ಬೇಗ ಬೆಲೆಕಟ್ಟಬಲ್ಲ ನರಜಾಲವೊಂದನ್ನು ಶೋಗಿಗಾಗಿ ರಚಿಸಿದರು. 2020ರಲ್ಲಿ ಚದುರಂಗದ ‘ಸ್ಟಾಕ್‌ಫಿಶ್’ ಅದೇ ವಿಧಾನವನ್ನು ಅಳವಡಿಸಿಕೊಂಡಿತು. ನಮ್ಮ ವಿದ್ಯಾರ್ಥಿಗಳು ಇಂದು ಮೊಬೈಲಿನಲ್ಲಿ ತಮ್ಮ ಚದುರಂಗದ ತಪ್ಪುಗಳನ್ನು ಆ ಸ್ಟಾಕ್‌ಫಿಶ್‌ನಿಂದ ತಿಳಿದುಕೊಳ್ಳುವಾಗ, ಅದು ಕೊಡುವ ಅಂಕೆಯ ಹಿಂದಿರುವುದು ಶೋಗಿಯ ಮಣೆಯ ಮೇಲೆ ಮೊದಲು ಪರೀಕ್ಷಿತವಾದ ಈ ಉಪಾಯವೇ.