ಆಮದು ‘ಬಂದ್’ ಅಂತ ಸುದ್ದಿ ಬಂತಾ? ಅಡಿಕೆ ಮಾರುವ ಮೊದಲು ಇಷ್ಟು ನೋಡಿ

ಕಾರ್ಕಳ, ಕಾಪು ಕಡೆಯ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಒಂದು ದಿನ “ಅಡಿಕೆ ಆಮದು ಪೂರ್ತಿ ಬಂದ್, ಮಾರಬೇಡಿ” ಅಂತ ಬರುತ್ತದೆ. ಎರಡು ದಿನ ಬಿಟ್ಟು “ಹೊರಗಿನ ಅಡಿಕೆ ಬರ್ತಾ ಉಂಟು, ಬೇಗ ಮಾರಿ” ಅಂತ. ಎಷ್ಟೋ ಸಲ ಎರಡಕ್ಕೂ ಮೂಲ ಸರಕಾರ ಕೊಟ್ಟ ಒಂದೇ ಉತ್ತರ. ಅಟ್ಟದಲ್ಲಿ ಚಾಲಿ ಇಟ್ಟುಕೊಂಡು ಕೂತವರಿಗೆ ಆ ಉತ್ತರ ಓದಲು ಬರದಿದ್ದರೆ ನಷ್ಟ ಅವರದ್ದೇ.

ಮೊದಲು ಬಟ್ಟೆಯ ಕತೆ ನೋಡಿ

2025ರ ಮೇ 17ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಬಾಂಗ್ಲಾದೇಶದ ಸಿದ್ಧ ಉಡುಪುಗಳ ಬಗ್ಗೆ ಆದೇಶ ಹೊರಡಿಸಿತು. ಹಲವು ಕಡೆ ‘ನಿಷೇಧ’ ಅಂತ ಸುದ್ದಿ ಓಡಿತು. ಆದೇಶದಲ್ಲಿ ಇದ್ದದ್ದು ಬೇರೆ: ಭೂಮಾರ್ಗ ಮುಚ್ಚಿತು, ನ್ಹಾವಾ ಶೇವಾ ಮತ್ತು ಕೋಲ್ಕತ್ತಾ ಬಂದರುಗಳ ಮೂಲಕ ಬರಬಹುದು. ಅದಕ್ಕೂ ಮೊದಲು, ಏಪ್ರಿಲ್‌ನಲ್ಲಿ, ಭಾರತದ ನೂಲು ಭೂಮಾರ್ಗದಲ್ಲಿ ಬರುವುದನ್ನು ಬಾಂಗ್ಲಾದೇಶ ನಿಲ್ಲಿಸಿತ್ತು.

ಜೂನ್‌ನಲ್ಲಿ ಪತ್ರಕರ್ತರು ಕೇಳಿದಾಗ ವಿದೇಶಾಂಗ ಸಚಿವಾಲಯದ ವಕ್ತಾರ ರಣಧೀರ್ ಜೈಸ್ವಾಲ್ ಹೇಳಿದ್ದರ ಸಾರ ಇಷ್ಟು: ಈ ಬದಲಾವಣೆಗಳು ನ್ಯಾಯ, ಸಮಾನ ನಡವಳಿಕೆ, ಪರಸ್ಪರತೆಯ ಆಧಾರದಲ್ಲಿ ಆದದ್ದು, ಬಾಕಿ ಇರುವ ವಿಷಯಗಳನ್ನು ವಾಣಿಜ್ಯ ಕಾರ್ಯದರ್ಶಿ ಮಟ್ಟದ ಮಾತುಕತೆಯಲ್ಲೂ ಎತ್ತಿದ್ದೇವೆ, ಪರಿಹಾರಕ್ಕೆ ಕಾಯುತ್ತಿದ್ದೇವೆ.

ಇದರಲ್ಲಿ ‘ಯಾಕೆ’ ಎಂಬುದಕ್ಕೆ ಉತ್ತರ ಉಂಟು. ‘ಎಷ್ಟು ದಿನ’ ಎಂಬುದಕ್ಕೆ ಇಲ್ಲ. ವ್ಯಾಪಾರ ಮಾಡುವವನಿಗೆ ಬೇಕಾದದ್ದು ಎರಡನೆಯದು. ವಕ್ತಾರರು ಹೇಳುವುದು ದೇಶ-ದೇಶಗಳ ಸಂಬಂಧದ ಮಾತು. ಯಾವ ಸರಕು, ಯಾವ ದಾರಿ, ಯಾವ ಬೆಲೆ ಎಂಬುದು ಆದೇಶದಲ್ಲೇ ಇರುವುದು.

ಅಡಿಕೆಗೂ ಇದೇ ಲೆಕ್ಕ

2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಆದೇಶದಲ್ಲಿ ಆಮದು ‘ನಿಷೇಧಿತ’ ಎಂದೇ ಬರೆದದ್ದು. ಆದರೆ ಮುಂದಿನ ಸಾಲು ಓದಿ: ಸರಕು, ವಿಮೆ, ಸಾಗಣೆ ಸೇರಿ 351 ರೂಪಾಯಿ ಅಥವಾ ಹೆಚ್ಚಿದ್ದರೆ ಆಮದು ಮುಕ್ತ. ರಫ್ತಿಗಾಗಿಯೇ ಇರುವ ಘಟಕಗಳು, ವಿಶೇಷ ಆರ್ಥಿಕ ವಲಯದ ಘಟಕಗಳಿಗೆ ಈ ಬೆಲೆಯ ಷರತ್ತೂ ಇಲ್ಲ.

2022ರ ಸೆಪ್ಟೆಂಬರ್‌ನ ಇನ್ನೊಂದು ಆದೇಶ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆ ಇಲ್ಲದೆ ಜೈಗಾಂವ್ ಮೂಲಕ ತರಲು ಬಿಟ್ಟಿತು. ಹುರಿದ ಅಡಿಕೆ ಬೇರೆ ಕೋಡ್‌ನಲ್ಲಿ ಬರುತ್ತಿತ್ತು. ಅದಕ್ಕೂ 351ರ ಮಿತಿ ಹಾಕಿದ್ದು 2025ರ ಏಪ್ರಿಲ್‌ನಲ್ಲಿ. ಅಂದರೆ ‘ನಿಷೇಧ’ ಜಾರಿಯಲ್ಲಿದ್ದಾಗಲೂ ಒಂದು ಬಾಗಿಲು ತೆರೆದೇ ಇತ್ತು.

ಇನ್ನೊಂದು ಮಾತು: 351 ರೂಪಾಯಿ ಬೆಂಬಲ ಬೆಲೆ ಅಲ್ಲ. ಆ ದರಕ್ಕೆ ನಮ್ಮ ಅಡಿಕೆ ಕೊಳ್ಳುತ್ತೇವೆ ಎಂದು ಸರಕಾರ ಎಲ್ಲೂ ಹೇಳಿಲ್ಲ.

ಮೊಬೈಲಿನಲ್ಲೇ ಹೀಗೆ ಪರೀಕ್ಷಿಸಿ

1. ಸಂದೇಶದಲ್ಲಿ ಆದೇಶದ ಸಂಖ್ಯೆ, ದಿನಾಂಕ ಉಂಟಾ? ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.
2. ಡಿಜಿಎಫ್‌ಟಿ ಜಾಲತಾಣದಲ್ಲಿ ಆದೇಶ ತೆಗೆದು ಸರಕಿನ ಕೋಡ್ ನೋಡಿ. ಅಡಿಕೆಯದ್ದು 0802 80ರಿಂದ ಶುರು.
3. ‘ಆದರೆ’, ‘ಹೊರತುಪಡಿಸಿ’ ಎಂಬ ಅರ್ಥದ ಸಾಲುಗಳನ್ನು ಎರಡು ಸಲ ಓದಿ. ವಿನಾಯಿತಿ ಇರುವುದು ಅಲ್ಲೇ.
4. ಸಂಸತ್ತಿನ ಜಾಲತಾಣದಲ್ಲಿ ‘ಅರೆಕಾನಟ್’ ಎಂದು ಇಂಗ್ಲಿಷಿನಲ್ಲಿ ಹುಡುಕಿ. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಸಚಿವರು ಲಿಖಿತ ಉತ್ತರ ಕೊಡುತ್ತಾರೆ. ಆಮದಿನ ಅಂಕಿ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು.
5. ಉತ್ತರದಲ್ಲಿ ಯಾವ ಪ್ರಶ್ನೆಗೆ ಉತ್ತರ ಇಲ್ಲ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಇಷ್ಟು ಮಾಡಿದ ಮೇಲೂ ಕ್ಯಾಂಪ್ಕೋ ಮತ್ತು ಹತ್ತಿರದ ಮಂಡಿಯ ಅಂದಿನ ದರ ಕೇಳಿಯೇ ತೀರ್ಮಾನಿಸಿ. ಒಂದು ಸುದ್ದಿ ನಂಬಿ ಇದ್ದ ಅಡಿಕೆಯನ್ನೆಲ್ಲ ಒಂದೇ ಸಲ ಮಾರುವುದೂ ಬೇಡ, ಪೂರ್ತಿ ಹಿಡಿದಿಡುವುದೂ ಬೇಡ. ಸಾಲದ ಕಂತಿಗೆ, ಗೊಬ್ಬರಕ್ಕೆ, ಕೊಯ್ಲಿನ ಕೂಲಿಗೆ ಬೇಕಾದಷ್ಟು ಮಾರಿ. ಉಳಿದದ್ದನ್ನು ಚೆನ್ನಾಗಿ ಒಣಗಿಸಿ ಇಟ್ಟು ಎರಡು-ಮೂರು ಕಂತಿನಲ್ಲಿ ಕೊಡಿ.