ಜಾಮೀನಿಲ್ಲದ ಬಂಡವಾಳ



ಸಿನಿಮಾ ಎಂದೊಡನೆ ನಮಗೆ ನಟ ನಟಿಯರ ಹೆಸರು ನೆನಪಾಗುತ್ತದೆ. ಸ್ವಲ್ಪ ಆಸಕ್ತಿ ಇರುವವರು ನಿರ್ದೇಶಕರ ಹೆಸರನ್ನೂ ಹೇಳುತ್ತಾರೆ. ಆದರೆ ಹಣ ಹಾಕಿದ ನಿರ್ಮಾಪಕರ ಹೆಸರು ತೆರೆಯ ಮೇಲೆ ಬಂದು ಹೋಗುವಾಗ ನಾವು ಇನ್ನೂ ಕುಳಿತುಕೊಳ್ಳಲು ಜಾಗ ಹುಡುಕುತ್ತಿರುತ್ತೇವೆ. ಅಂಥ ಒಬ್ಬ ನಿರ್ಮಾಪಕರ ವಿಷಯವನ್ನು ಈ ಹೊತ್ತು ತಮಗೆ ತಿಳಿಸಬೇಕೆಂದಿದ್ದೇನೆ.

ನಿರ್ಮಾಪಕರ ಕೆಲಸವೇನೆಂದು ನಮ್ಮ ಚಿನ್ನಾಳಪಟ್ಟಿಯವರಿಗೆ ವಿವರಿಸುವುದು ಸುಲಭ. ಸೀರೆ ವ್ಯಾಪಾರದಲ್ಲಿ ನೂಲು ತರಿಸುವವರು, ಬಣ್ಣದ ಖರ್ಚು ನೋಡುವವರು, ನೇಯುವವರಿಗೆ ಕೂಲಿ ಕೊಡುವವರು ಇರುತ್ತಾರೆ. ಸೀರೆ ಮಾರಾಟವಾಗುವ ಮೊದಲೇ ಅವರ ಹಣ ಕೈಬಿಟ್ಟಿರುತ್ತದೆ. ಸಿನಿಮಾದಲ್ಲಿಯೂ ಹಾಗೆಯೇ. ಫಿಲ್ಮಿನ ಕಾಲದಲ್ಲಿ ಕಚ್ಚಾ ಫಿಲ್ಮ್, ಕ್ಯಾಮೆರಾ ಬಾಡಿಗೆ, ಕೆಲಸಗಾರರ ಊಟ ವಸತಿ, ಲ್ಯಾಬೊರೇಟರಿ, ಪ್ರಿಂಟು, ಎಲ್ಲಕ್ಕೂ ಮೊದಲೇ ಹಣ ಬೇಕಿತ್ತು. ಒಂದೇ ವ್ಯತ್ಯಾಸ. ಮಾರಾಟವಾಗದ ಸೀರೆಯನ್ನು ಬಂದಷ್ಟು ಬೆಲೆಗೆ ಕೊಟ್ಟುಬಿಡಬಹುದು. ಯಾರೂ ಕೊಳ್ಳದ ಸಿನಿಮಾ ಡಬ್ಬದೊಳಗೇ ಉಳಿಯುತ್ತದೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಇಲ್ಲಿ ಮೊದಲು ಏಳುವ ಪ್ರಶ್ನೆ, ಇದಕ್ಕೆ ಜಾಮೀನು ಏನು ಎಂಬುದು. ಮನೆಪತ್ರ, ಚಿನ್ನ, ದಾಸ್ತಾನು ಇವುಗಳ ಮೇಲೆ ಸಾಲ ಕೊಡಬಹುದು. ಇನ್ನೂ ತೆಗೆಯದ ಚಿತ್ರವನ್ನು ಒತ್ತೆ ಇಡುವುದು ಹೇಗೆ? ಚಿತ್ರರಂಗಕ್ಕೆ ಉದ್ಯಮದ ಮಾನ್ಯತೆಯನ್ನು ಕೇಂದ್ರ ಸರ್ಕಾರ ಘೋಷಿಸಿದ್ದೇ 1998ರಲ್ಲಿ. ಅದಕ್ಕೆ ಮೊದಲು ನಿರ್ಮಾಪಕರು ಹೆಚ್ಚಾಗಿ ಸ್ವಂತ ಹಣವನ್ನೋ, ಲೇವಾದೇವಿಯವರನ್ನೋ, ವಿತರಕರ ಮುಂಗಡವನ್ನೋ ನಂಬಬೇಕಿತ್ತು. ಹೆಸರಾಂತ ನಟ, ನಾಲ್ಕು ಹಾಡು, ಎರಡು ಹೊಡೆದಾಟ ಇದ್ದರೆ ವಿತರಕರು ಮುಂಗಡ ಕೊಡುತ್ತಾರೆ. ಇವಾವುದೂ ಇಲ್ಲದ ಕಲಾತ್ಮಕ ಚಿತ್ರಕ್ಕೆ ಕೊಡುವವರು ಯಾರು?

ಎಲ್ಲ ದೇಶಗಳಲ್ಲಿಯೂ ಇದಕ್ಕೆಂದು ಕೆಲವರು ಮುಂದೆ ಬಂದಿದ್ದಾರೆ. ಫ್ರಾನ್ಸಿನ ಅನಾತೋಲ್ ದೊಮಾನ್ ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿದವರು. 1949ರಲ್ಲಿ ಆರ್ಗೋಸ್ ಫಿಲ್ಮ್ಸ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾಗಿ, 1959ರ 'ಹಿರೋಷಿಮಾ ಮೋನ್ ಅಮೂರ್' ಮೊದಲಾದ ಚಿತ್ರಗಳನ್ನು ನಿರ್ಮಿಸಿದರು. ಹೊರಗಿನಿಂದ ಬಂದವರೇ ಫ್ರೆಂಚ್ ಚಿತ್ರಕ್ಕೆ ಹೆಗಲು ಕೊಟ್ಟರು. ಕನ್ನಡಕ್ಕೆ ಹಾಗೆ ಹೆಗಲು ಕೊಟ್ಟವರು ನೆಲ್ಲೂರಿನ ತಿಕ್ಕವರಪು ಪಟ್ಟಾಭಿರಾಮ ರೆಡ್ಡಿಯವರು.

1919ರಲ್ಲಿ ಹುಟ್ಟಿದ ಪಟ್ಟಾಭಿಯವರ ಮಾತೃಭಾಷೆ ತೆಲುಗು. 1939ರಲ್ಲಿ ಪ್ರಕಟವಾದ 'ಫಿಡೇಲು ರಾಗಾಲ ಡಜನ್' ಎಂಬ ಸಂಕಲನದಿಂದ ಅವರು ತೆಲುಗಿನಲ್ಲಿ ಹೊಸ ಬಗೆಯ ಕವಿ ಎನಿಸಿಕೊಂಡರು. ಆಮೇಲೆ ಮದ್ರಾಸಿನಲ್ಲಿ ಸಿನಿಮಾಕ್ಕೆ ಬಂದು, ಕೆ.ವಿ. ರೆಡ್ಡಿಯವರು ನಿರ್ದೇಶಿಸಿದ 'ಪೆಳ್ಳಿನಾಟಿ ಪ್ರಮಾಣಾಲು' (1958) ಚಿತ್ರದ ನಿರ್ಮಾಣದಲ್ಲಿ ಭಾಗಿಯಾದರು. ಅದೇ ದಾರಿಯಲ್ಲಿ ನಡೆದಿದ್ದರೆ ಅವರಿಗೆ ಕೊರತೆಯೇನೂ ಇರುತ್ತಿರಲಿಲ್ಲ.

ಅವರ ಪತ್ನಿ ಸ್ನೇಹಲತಾ ರೆಡ್ಡಿಯವರು 'ಮದ್ರಾಸ್ ಪ್ಲೇಯರ್ಸ್' ನಾಟಕ ತಂಡದವರು. ಆಗ ಮದ್ರಾಸಿನಲ್ಲಿ ಉದ್ಯೋಗದಲ್ಲಿದ್ದ ಗಿರೀಶ್ ಕಾರ್ನಾಡರೂ ಅದೇ ತಂಡದಲ್ಲಿದ್ದರು. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ 1965ರಲ್ಲಿ ಬಂದಿತ್ತು. ಆಚಾರ ಬಿಟ್ಟ ಬ್ರಾಹ್ಮಣನೊಬ್ಬ ಅಗ್ರಹಾರದಲ್ಲಿ ಸತ್ತಾಗ ಶವಸಂಸ್ಕಾರ ಮಾಡುವವರಾರು ಎಂಬುದೇ ಅದರ ಕಥೆ. ಈ ಕಾದಂಬರಿಯನ್ನು ಪಟ್ಟಾಭಿಯವರು ತಾವೇ ನಿರ್ಮಿಸಿ, ತಾವೇ ನಿರ್ದೇಶಿಸಿದರು. ಚಿತ್ರಕಥೆ ಕಾರ್ನಾಡರದು. ಕಾರ್ನಾಡ, ಪಿ. ಲಂಕೇಶ್ ಮತ್ತು ಸ್ನೇಹಲತಾ ನಟಿಸಿದರು. ಸಂಗೀತ ರಾಜೀವ ತಾರಾನಾಥರದು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕವನ್. ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ಚಿತ್ರೀಕರಣ ನಡೆಯಿತು. ಖರ್ಚು ಸುಮಾರು ಒಂದು ಲಕ್ಷ ರೂಪಾಯಿ.

ನಿರ್ಮಾಪಕರ ನಿಜವಾದ ಪರೀಕ್ಷೆ ಚಿತ್ರ ಮುಗಿದ ಮೇಲೆ ಬಂತು. ಒಂದು ಸಮುದಾಯದ ಮನಸ್ಸು ನೋಯಬಹುದೆಂದು ಮದ್ರಾಸಿನ ಸೆನ್ಸಾರ್ ಮಂಡಳಿ ಪ್ರದರ್ಶನಕ್ಕೆ ಅನುಮತಿ ಕೊಡಲಿಲ್ಲ. ಇಂಥ ಹೊತ್ತಿನಲ್ಲಿ ನಟರು ಬೇರೆ ಚಿತ್ರಕ್ಕೆ ಹೋಗಬಹುದು, ಕ್ಯಾಮೆರಾದವರು ತಮ್ಮ ಊರಿಗೆ ಹೋಗಬಹುದು. ಲೆಕ್ಕದ ಪುಸ್ತಕದೊಂದಿಗೆ ಉಳಿಯುವವರು ನಿರ್ಮಾಪಕರು ಮಾತ್ರ. ಕೊನೆಗೆ ಕೇಂದ್ರ ಸರ್ಕಾರ ನಿಷೇಧವನ್ನು ತೆರವುಗೊಳಿಸಿತು. ಅದೇ ಚಿತ್ರಕ್ಕೆ 1970ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಕನ್ನಡಕ್ಕೆ ಆ ಗೌರವ ಅದೇ ಮೊದಲು.

ದಾರಿ ತೆರೆದಿತ್ತು. 1975ರ 'ಚೋಮನ ದುಡಿ' ಮತ್ತು 1977ರ 'ಘಟಶ್ರಾದ್ಧ' ಚಿತ್ರಗಳಿಗೂ ಸ್ವರ್ಣಕಮಲ ಬಂತು. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು ನಿರ್ಮಿಸಿದ ಸದಾನಂದ ಸುವರ್ಣರು ಮೂಲ್ಕಿಯವರು, ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ಬೆಳೆದವರು. ಅಂದರೆ ಈ ಬಂಡವಾಳವೂ ರಾಜ್ಯದ ಹೊರಗಿನ ಕನ್ನಡದ ನಂಟಿನಿಂದಲೇ ಬಂತು. ಆ ಚಿತ್ರದ ಹಳೆಯ ಪ್ರತಿಯನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಸುವರ್ಣರು ತೀರಿಕೊಂಡಿದ್ದೂ ಅದೇ ವರ್ಷ.

ಪಟ್ಟಾಭಿ ದಂಪತಿಗಳು ಲೋಹಿಯಾ ಅವರ ಸಮಾಜವಾದವನ್ನು ನಂಬಿದವರು. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಸ್ನೇಹಲತಾ ಅವರನ್ನು ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಹಿಡಿದರೂ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆಸ್ತಮಾದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ಅವರು ತೀರಿಕೊಂಡರು. ಆಮೇಲೆಯೂ ಪಟ್ಟಾಭಿಯವರು ಕನ್ನಡವನ್ನು ಬಿಡಲಿಲ್ಲ. 'ಚಂಡಮಾರುತ' (1977), 'ಶೃಂಗಾರ ಮಾಸ' (1984), 'ದೇವರ ಕಾಡು' (1993) ಅವರ ಉಳಿದ ಚಿತ್ರಗಳು. 2006ರ ಮೇ ತಿಂಗಳಲ್ಲಿ ಅವರು ನಿಧನರಾದರು.

ಓದುಗರೇ, ನಮ್ಮ ಮನೆಗಳಲ್ಲಿ ಕನ್ನಡ ಇದೆ, ಬೀದಿಗೆ ಇಳಿದರೆ ತಮಿಳು. ಹೊರನಾಡಿನಲ್ಲಿರುವ ನಮ್ಮಿಂದ ಭಾಷೆಗೆ ಏನಾದೀತು ಎಂದು ನಮ್ಮ ಮಕ್ಕಳು ಕೇಳುವುದುಂಟು. ಮನೆಮಾತು ತೆಲುಗಾಗಿದ್ದವರೊಬ್ಬರು ಮದ್ರಾಸಿನಲ್ಲಿ ಕುಳಿತು ತಮ್ಮ ಕೈಯ ಹಣವನ್ನು ಕನ್ನಡದ ಮೇಲೆ ಹೂಡಿದ್ದನ್ನು ಅವರಿಗೆ ಹೇಳಿ. ಮುಂದೆ ಯಾವ ಚಿತ್ರ ನೋಡಿದರೂ ನಿರ್ಮಾಪಕರ ಹೆಸರು ಬರುವವರೆಗೆ ಮಾತು ನಿಲ್ಲಿಸಿ, ಅದನ್ನು ಓದಿ. ನಷ್ಟವಾದರೆ ಹೊರುವವರು ಅವರೇ.