ಧಾರಣೆಯನ್ನು ಸಾರಿದ ದನಿ

ಪೈರನ್ನು ಬೆಳೆಯುವುದಕ್ಕೆ ಎಷ್ಟು ಜಾಣ್ಮೆಯು ಬೇಕೋ, ಅದನ್ನು ತಕ್ಕ ಸಮಯದಲ್ಲಿ ತಕ್ಕ ಬೆಲೆಗೆ ಮಾರುವುದಕ್ಕೂ ಅಷ್ಟೇ ಜಾಣ್ಮೆಯು ಬೇಕೆಂಬುದು ಅನುಭವಸ್ಥರಾದ ಒಕ್ಕಲುಗಳೆಲ್ಲರೂ ಬಲ್ಲ ಸಂಗತಿ. ಪೇಟೆಯ ಧಾರಣೆಯನ್ನು ಅರಿಯದೆ ಬಂಡಿ ಕಟ್ಟಿದವನು ದಲ್ಲಾಳಿಯು ನುಡಿದ ಬೆಲೆಗೆ ತಲೆದೂಗಬೇಕಾಗುವುದು. ಈ ಕೊರತೆಯನ್ನು ಅಮೆರಿಕಾ ದೇಶದಲ್ಲಿ ರೇಡಿಯೋ ಮೂಲಕ ನೀಗಿಸಲು ಶ್ರಮಿಸಿದವರಲ್ಲಿ ಓರಿಯನ್ ಸ್ಯಾಮುಯೆಲ್‌ಸನ್ನರು ಅಗ್ರಗಣ್ಯರು.

ಇವರು 1934ನೆಯ ಇಸವಿ ಮಾರ್ಚಿ 31ನೆಯ ತಾರೀಖು ವಿಸ್ಕಾನ್ಸಿನ್ ಸಂಸ್ಥಾನದ ಆಂಟೇರಿಯೋ ಎಂಬ ಊರಿನ ಬಳಿ, ಹೈನಿನಿಂದ ಜೀವಿಸುತ್ತಿದ್ದ ಒಕ್ಕಲು ಮನೆತನದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಕಾಲಿನ ಮೂಳೆಗೆ ರೋಗವು ತಗುಲಿ, ಬಹುಕಾಲ ನಡೆಯಲಾರದವರಾದರು. ಹೊಲದ ಕಠಿಣವಾದ ದುಡಿಮೆಯು ತಮಗೆ ಕೈಗೂಡದೆಂಬುದು ತಿಳಿದುಬಂದಿತು. ಆದರೂ ಅವರು ಬೇಸಾಯವನ್ನು ತೊರೆಯಲಿಲ್ಲ. ನೇಗಿಲನ್ನು ಹಿಡಿಯಲಾರದವರು ಮಾತಿನಿಂದಲೇ ಒಕ್ಕಲುಗಳ ಸೇವೆಗೆ ನಿಂತರು.

ವಿಸ್ಕಾನ್ಸಿನ್ನಿನ ಸಣ್ಣ ನಿಲಯಗಳಲ್ಲಿ ಕೆಲಸ ಕಲಿತು, 1960ರಲ್ಲಿ ಚಿಕಾಗೋ ನಗರದ ಡಬ್ಲ್ಯು.ಜಿ.ಎನ್. ನಿಲಯವನ್ನು ಸೇರಿದರು. 50,000 ವಾಟ್ ಶಕ್ತಿಯುಳ್ಳ ಆ ನಿಲಯದ ದನಿಯು ರಾತ್ರಿಯ ವೇಳೆ ಅನೇಕ ಸಂಸ್ಥಾನಗಳಿಗೆ ಮುಟ್ಟುತ್ತಿದ್ದಿತು. ಚಿಕಾಗೋ ನಗರವಾದರೋ 1848ರಲ್ಲಿ ಸ್ಥಾಪಿತವಾದ ಧಾನ್ಯ ವ್ಯಾಪಾರ ಮಂಡಲಿಯ ನೆಲೆ. ಅಲ್ಲಿ ಗೋಧಿ, ಮುಸುಕಿನ ಜೋಳ, ಸೋಯಾ ಅವರೆಗಳ ಧಾರಣೆಯು ನಿಷ್ಕರ್ಷೆಯಾದಂತೆಲ್ಲ ದೂರದ ರೈತನೂ ಅದನ್ನು ಮನೆಯಲ್ಲಿಯೇ ಕೇಳುವಂತಾಯಿತು. ಹವೆಯ ಮುನ್ಸೂಚನೆ, ಸರ್ಕಾರದ ಧೋರಣೆ ಮೊದಲಾದವುಗಳನ್ನೂ ಅವರು ತಿಳಿಯಾದ ಮಾತಿನಲ್ಲಿ ವಿವರಿಸುತ್ತಿದ್ದರು. ಪಟ್ಟಣಿಗರೂ ಅದೇ ನಿಲಯವನ್ನು ಕೇಳುತ್ತಿದ್ದುದರಿಂದ, ಒಕ್ಕಲಿನ ಕಷ್ಟಸುಖಗಳು ಅವರ ಕಿವಿಗೂ ಬೀಳುತ್ತಿದ್ದವು.

1963ನೆಯ ನವೆಂಬರ್ 22ರಂದು ಅಧ್ಯಕ್ಷ ಕೆನಡಿಯವರು ಹತರಾದಾಗ, ಆ ದುರ್ವಾರ್ತೆಯನ್ನು ಡಬ್ಲ್ಯು.ಜಿ.ಎನ್. ರೇಡಿಯೋದಲ್ಲಿ ಓದಿದವರು ಈ ಬೇಸಾಯದ ವಾರ್ತಾವಾಚಕರೇ. 1975ರಿಂದ ಟೆಲಿವಿಷನ್ನಿನಲ್ಲಿಯೂ ಕೃಷಿವಾರ್ತೆಯನ್ನು ನಡೆಸಿದರು. 2003ರಲ್ಲಿ ಅಮೆರಿಕಾದ ರಾಷ್ಟ್ರೀಯ ರೇಡಿಯೋ ಕೀರ್ತಿಭವನದಲ್ಲಿ ಅವರಿಗೆ ಸ್ಥಾನವು ದೊರೆಯಿತು. ಒಂದೇ ನಿಲಯದಲ್ಲಿ ಅರುವತ್ತು ವರ್ಷಗಳ ಸೇವೆಯನ್ನು ಮುಗಿಸಿ, 2020ರ ಅಂತ್ಯದಲ್ಲಿ ನಿವೃತ್ತರಾದರು.

ಈ ಜೀವನದಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ಗ್ರಹಿಸತಕ್ಕ ಅಂಶವೊಂದುಂಟು. ಇಂದು ಧಾರಣೆಯು ಕೈಯೊಳಗಿನ ಫೋನಿನಲ್ಲಿಯೇ ದೊರೆಯುವುದಾದರೂ, ಓದುಬರಹವಿಲ್ಲದ ಸಣ್ಣ ಹಿಡುವಳಿದಾರನಿಗೆ ಅದು ದೂರವೇ. ನಂಬಿಕೆಗೆ ಪಾತ್ರನಾದ ಒಬ್ಬನು ಪ್ರತಿದಿನವೂ ಚಾವಡಿಯ ಬಳಿ ಸಮೀಪದ ಎರಡು ಮೂರು ಪೇಟೆಗಳ ಧಾರಣೆಯನ್ನು ಓದಿ ಹೇಳಿದರೆ ಎಷ್ಟೋ ನಷ್ಟವು ತಪ್ಪುವುದು. ಆದರೆ ಹೆಚ್ಚಿನ ಧಾರಣೆಯನ್ನು ಕೇಳಿದ ಕೂಡಲೆ ಬಂಡಿ ಹೂಡಬಾರದು. ಸಾಗಾಣಿಕೆ, ಹಮಾಲಿ, ದಲ್ಲಾಳಿ ಇವುಗಳ ವೆಚ್ಚವನ್ನು ಕಳೆದು ಉಳಿಯುವ ಹಣವೇ ನಿಜವಾದ ಬೆಲೆ. ಇಷ್ಟನ್ನು ನೆರೆಯವರಿಗೆ ತಿಳಿಯಹೇಳುವವನು ಊರಿಗೆ ಮಹದುಪಕಾರವನ್ನು ಮಾಡಿದವನಾಗುವನು.